ಬಂಡೂರು ಕುರಿ ಅಪ್ಪಟವೋ ಅಲ್ಲವೋ, ಗುರುತಿಸುವುದು ಹೇಗೆ?

ಪ್ರಶ್ನೆ (ಮದ್ದೂರು ಕಡೆಯಿಂದ)

ನಮಸ್ಕಾರ. ಐದು ಹೆಣ್ಣು ಕುರಿ, ಒಂದು ಟಗರು ತಂದು ಸಾಕಬೇಕು ಅಂತಿದ್ದೇನೆ. ಬಂಡೂರು ತಳಿಯೇ ಬೇಕು. ಹೋದ ವಾರ ಸಂತೆಯಲ್ಲಿ ಒಬ್ಬರು ಬಿಳಿ ಮರಿ ತೋರಿಸಿ ‘ಬನ್ನೂರು ಕುರಿ’ (ಬಂಡೂರಿಗೇ ಇನ್ನೊಂದು ಹೆಸರು) ಎಂದರು. ಕಾಲು ಉದ್ದ ಅನ್ನಿಸಿತು, ಕೊಳ್ಳದೆ ಬಂದೆ. ಏನೇನು ನೋಡಬೇಕು? ನಮ್ಮದು ನಾಲೆ ಪಕ್ಕದ ಜಮೀನು. ಗದ್ದೆ ಬದುವಿನಲ್ಲೇ ಮೇಯಿಸಬಹುದಾ?

ಉತ್ತರ 1 (ಮಳವಳ್ಳಿ ತಾಲ್ಲೂಕಿನಿಂದ)

ಕೊಳ್ಳದೆ ಬಂದಿದ್ದು ಒಳ್ಳೇದೇ ಆಯ್ತು. ಬೆಳ್ಳಗಿರುವುದೆಲ್ಲ ಬಂಡೂರು ಅಲ್ಲ. ಬೇರೆ ತಳಿಯ ಟಗರು ಬಿಟ್ಟು ಬಿಟ್ಟು ಈಗ ಅಪ್ಪಟ ತಳಿ ಕಣ್ಣಿಗೆ ಬೀಳುವುದೇ ಕಡಿಮೆ.

ಮೊದಲು ಕುರಿಯ ಹಿಂದೆ ನಿಂತು ನೋಡಿ. ನಮ್ಮ ಅಜ್ಜ ಮುಖ ನೋಡುತ್ತಿದ್ದದ್ದು ಆಮೇಲೆ. ತೊಡೆ ಎರಡೂ ತುಂಬಿಕೊಂಡು ಅಗಲಕ್ಕೆ ನಿಂತಿರಬೇಕು. ಇಂಗ್ಲಿಷಿನ ಯು ಅಕ್ಷರವನ್ನು ಬೋರಲು ಹಾಕಿದ ಹಾಗೆ ಕಾಣಬೇಕು. ಬೆನ್ನ ಮೇಲೆ ಅಂಗೈ ಇಟ್ಟರೆ ಚಪ್ಪಟೆಯಾಗಿ ಕೂರಬೇಕು. ಕಾಲು ಗಿಡ್ಡ, ಮೈ ದುಂಡಗೆ, ಕಿವಿ ಎಲೆಯಂತೆ ಜೋತು ಬಿದ್ದಿರುತ್ತದೆ. ಕೊಂಬು ಇರುವುದಿಲ್ಲ. ಕೆಲವಕ್ಕೆ ಮುಖ, ಕತ್ತು ತಿಳಿ ಕಂದು ಬಣ್ಣ, ಅದು ದೋಷವಲ್ಲ. ಕೊರಳಲ್ಲಿ ಮೊಲೆಯಂಥ ಎರಡು ತೊಗಲಿನ ತುಂಡು ತೂಗುವುದೂ ಉಂಟು. ಬೆಳೆದ ಟಗರು 35 ಕೆಜಿ ಆಸುಪಾಸು, ಹೆಣ್ಣು 25ರ ಹತ್ತಿರ. ಇದು ಸಣ್ಣ ಜಾತಿ. ದೊಡ್ಡದು ಬೇಕು ಅಂತ ಹುಡುಕಿದರೆ ಮಿಶ್ರ ತಳಿಯೇ ಸಿಗುವುದು. ಆದರೆ ತಾಯಿಯನ್ನೂ ಟಗರನ್ನೂ ನೋಡದೆ ಮರಿ ತರಬೇಡಿ.

ಗದ್ದೆ ಬದು ಮಾತ್ರ ಬೇಡವೇ ಬೇಡ. ನಾನು ಒಂದು ಮಳೆಗಾಲ ನಾಲೆ ಬದಿಯಲ್ಲಿ ಬಿಟ್ಟಿದ್ದೆ. ಮೂರು ತಿಂಗಳಿಗೆ ಒಂದು ಕುರಿಯ ಗದ್ದದ ಕೆಳಗೆ ನೀರಿನ ಚೀಲದಂತೆ ಊದಿತು. ಬೆರಳಲ್ಲಿ ಒತ್ತಿದರೆ ಗುಂಡಿ ಹಾಗೇ ನಿಲ್ಲುತ್ತಿತ್ತು. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆ ಕೆಂಪೇ ಇಲ್ಲ, ಸುಣ್ಣದ ಹಾಗೆ ಬಿಳುಪು. ಹಿಕ್ಕೆ ಪರೀಕ್ಷೆ ಮಾಡಿಸಿದಾಗ ಈಲಿಗೆ (ಲಿವರ್) ಸೇರುವ ಚಪ್ಪಟೆ ಹುಳು ಅಂತ ಗೊತ್ತಾಯಿತು. ನಿಂತ ನೀರಿನ ಸಣ್ಣ ಬಸವನಹುಳದಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಬರುತ್ತದೆ. ಔಷಧಿ ಕೊಡಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಗಬ್ಬದ ಕುರಿ ಅದು. ಈಗಲೂ ಹೊಟ್ಟೆ ಉರಿಯುತ್ತದೆ.

ಅಂದಿನಿಂದ ನೀರು ನಿಲ್ಲದ ಬೆಟ್ಟು ಜಾಗದಲ್ಲಿ ಮಾತ್ರ ಮೇವು. ಸಂಜೆ ಅಗಸೆ, ಹಲಸಿನ ಸೊಪ್ಪು ಕಟ್ಟಿ ನೇತು ಹಾಕುತ್ತೇನೆ. ನೆಲಕ್ಕೆ ಹಾಕಿದರೆ ತುಳಿದು ಬಿಡುತ್ತವೆ, ಅಲ್ವಾ?

ಉತ್ತರ 2 (ಕೊಪ್ಪಳದಿಂದ)

ನಮ್ಮ ಕಡೆಯ ಕೆಂಗುರಿ ತಳಿಗೂ ಮಿಶ್ರಣದ ಕಾಟ ಇದೆ. ಇನ್ನೊಂದು ಮಾತು. ಮೊದಲ ಮಳೆ ಬಿದ್ದ ಮೇಲೆ ಎಳೆ ಹುಲ್ಲನ್ನು ಒಮ್ಮೆಲೇ ಜಾಸ್ತಿ ತಿಂದರೆ ಕರುಳುಬೇನೆ ಬರುತ್ತದೆ. ಚೆನ್ನಾಗಿ ಮೈ ಕೈ ತುಂಬಿದ ಮರಿಯೇ ಮೊದಲು ಹೋಗುತ್ತದೆ. ಮಳೆಗೆ ಮುಂಚೆ ಲಸಿಕೆ ಹಾಕಿಸಿ. ಮೊದಲ ಸಲವಾದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಗಬ್ಬವಾದ ಮೊದಲ ತಿಂಗಳು ಆಲ್ಬೆಂಡಜೋಲ್ ಜಂತು ಔಷಧಿ ಕುಡಿಸಬೇಡಿ, ಡಾಕ್ಟರನ್ನು ಕೇಳಿ ಬೇರೆಯದು ಕೊಡಿಸಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು ಅಣ್ಣ. ನಾಲೆ ಕಡೆ ಬಿಡುವುದಿಲ್ಲ, ತೆಂಗಿನ ತೋಟದ ಮೇಲಿನ ಖಾಲಿ ಜಾಗ ಇದೆ, ನೀರು ನಿಲ್ಲುವುದಿಲ್ಲ. ಭಾನುವಾರ ನಿಮ್ಮ ಕಡೆ ಬಂದರೆ ನಿಮ್ಮ ಕುರಿಗಳನ್ನು ಹಿಂದೆ ನಿಂತು ನೋಡಬಹುದಾ? ಒಂದು ಸಲ ಕಣ್ಣಿಗೆ ಕೂತರೆ ಆಮೇಲೆ ಸಂತೆಗೆ ಹೋಗುತ್ತೇನೆ.

ಉತ್ತರ 1

ಬನ್ನಿ. ಬೆಳಿಗ್ಗೆ ಮೇಯಲು ಬಿಡುವ ಮುಂಚೆ ಬನ್ನಿ.