ಅಪ್‌ಡೇಟ್: ಮುದ್ದೆ ಗಂಟಾಗುತ್ತೆ ಅಂತ ಕೇಳಿದ್ದೆನಲ್ಲ
ಮದುವೆಯಾಗಿ ಕೋಲಾರಕ್ಕೆ ಬಂದ ಮೇಲೆ ಎಷ್ಟು ಸಲ ಮಾಡಿದರೂ ರಾಗಿ ಮುದ್ದೆ ಗಂಟಾಗುತ್ತದೆ, ಅತ್ತೆಗೆ ಬಡಿಸೋಕೆ ಮುಜುಗರ ಅಂತ 10 ದಿನದ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹಿಟ್ಟು ಜರಡಿ ಹಿಡಿದು ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಎಸರಿಗೆ ತುಪ್ಪ ಹಾಕಿದೆ, ರುಚಿ ಬಂತು, ಗಂಟು ಹೋಗಲಿಲ್ಲ. ಕೈ ಹಿಡಿದದ್ದು "ಹಿಟ್ಟು ಹಾಕಿದ ತಕ್ಷಣ ತಿರುವಬೇಡಿ" ಅಂದ ಅಕ್ಕನ ಮಾತು. ಎರಡು ಲೋಟ ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಕುದಿಸಬೇಕು. ಎಸರು ಉಕ್ಕಿ ಬಂದಾಗ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ 5 ನಿಮಿಷ ಸುಮ್ನೆ ಬಿಡಬೇಕು. ತೂತಿನಲ್ಲಿ ನೀರು ಬುಳುಬುಳು ಅಂತ ಮೇಲೆ ಬರುತ್ತದೆ. ಆಮೇಲೆ ಕೋಲು. ರಾಗಿಯಲ್ಲಿ ಗೋಧಿಯ ಹಾಗೆ ಅಂಟಿನ ಅಂಶ ಇಲ್ಲವಂತೆ, ಹಿಟ್ಟು ಬಿಸಿನೀರಲ್ಲಿ ಉಬ್ಬಿ ಬೆಂದರೇನೇ ಹಿಡಿದುಕೊಳ್ಳುವುದು. ನಾನು ಗಾಬರಿಯಲ್ಲಿ ಮೊದಲೇ ತಿರುವುತ್ತಿದ್ದೆ.

ಆದರೂ ಭಾನುವಾರ ಬಸ್ಸಾರಿನ ಜೊತೆ ಬಡಿಸಿದಾಗ ಅತ್ತೆಯ ಮುದ್ದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ನನ್ನ ಎದೆ ಧಸಕ್ಕೆಂದಿತು. ಅವರು ಅದನ್ನು ಬೆರಳಲ್ಲಿ ಚಿವುಟಿ ತಟ್ಟೆಯಂಚಿಗೆ ಇಟ್ಟು, "ನಂದೂ ಒಂದೊಂದಿನ ಹಿಂಗೇ ಆಗುತ್ತಮ್ಮ, ಇನ್ನರ್ಧ ಮುದ್ದೆ ಹಾಕು" ಅಂದರು. 40 ವರ್ಷದಿಂದ ದಿನಾ ಮುದ್ದೆ ಮಾಡಿದವರು!

ಮೊದಲೆಲ್ಲ ಗಂಟಾದ ಮುದ್ದೆ ಮುಚ್ಚಿಟ್ಟು ಅನ್ನಕ್ಕೆ ಇಡುತ್ತಿದ್ದೆ. ಈಗ ಹಾಗೇ ಬಡಿಸುತ್ತೇನೆ.