ಭಾವನ ಮಂಡಿನೋವು, ಹಿಮ್ಮಡಿ ಓಟ

ಭಾವ, ನೀವು ಹಾಕಿದ ವಿಡಿಯೋ ನೋಡಿದೆ. ಹಿಮ್ಮಡಿ ಊರಿ ಓಡಿದರೆ ಮಂಡಿ ಹಾಳಾಗುತ್ತದೆ, ಎಲ್ಲರೂ ಮುಂಗಾಲಲ್ಲೇ, ಅಂದರೆ ಪಾದದ ಮುಂಭಾಗ ಮೊದಲು ಊರಿ ಓಡಬೇಕು ಅಂತ ಅದರಲ್ಲಿರುವವನು ಹೇಳುತ್ತಾನೆ. ನಾಳೆಯಿಂದಲೇ ಬದಲಾಯಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಶೂ ಹಾಕಿಕೊಂಡು ಹವ್ಯಾಸಕ್ಕೆ ಓಡುವವರಲ್ಲಿ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರುತ್ತಾರೆ. ಅದೇನು ರೋಗವಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ 2ರಿಂದ 3 ಪಟ್ಟು ಬಲ ಕಾಲಿಗೆ ಬರುತ್ತದೆ. ಹೇಗೆ ಊರಿದರೂ ಅದು ಮಾಯವಾಗುವುದಿಲ್ಲ. ಯಾವ ಕೀಲಿನ ಮೇಲೆ ಜಾಸ್ತಿ ಬೀಳುತ್ತದೆ ಅನ್ನುವುದಷ್ಟೇ ಬದಲಾಗುತ್ತದೆ.

ಹಿಮ್ಮಡಿ ಊರಿದಾಗ ಬೆರಳುಗಳು ಮೇಲಕ್ಕೆತ್ತಿಕೊಂಡಿರುತ್ತವೆ, ಮಂಡಿ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ತೂಕ ಬೀಳುತ್ತಿದ್ದಂತೆ ಅದು ಸುಮಾರು 40 ಡಿಗ್ರಿವರೆಗೆ ಮಡಚುತ್ತದೆ. ಆ ಭಾರ ಹೊರುವುದು ತೊಡೆಯ ಮುಂದಿನ ಸ್ನಾಯು ಮತ್ತು ಮಂಡಿಚಿಪ್ಪು. ಮುಂಗಾಲು ಊರಿದರೆ ಮಂಡಿ ಮೊದಲೇ ಸ್ವಲ್ಪ ಮಡಚಿರುತ್ತದೆ, ಹಿಮ್ಮಡಿ ಆಮೇಲೆ ಕೆಳಗಿಳಿಯುತ್ತದೆ. ಅದನ್ನು ತಡೆದು ಇಳಿಸುವ ಕೆಲಸ ಮೀನಖಂಡದ್ದು, ಅದನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಟೆಂಡನ್‌ದು. ಮಂಡಿಗೆ ಆರಾಮ, ಇವೆರಡಕ್ಕೆ ಕಷ್ಟ. ರಾತ್ರೋರಾತ್ರಿ ಬದಲಾಯಿಸಿದವರು ಮೀನಖಂಡ ಹಿಡಿದುಕೊಂಡು ಕೂರುವುದು ಸುಮ್ನೆ ಅಲ್ಲ.

ನಿಮ್ಮ ಓಟದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದೇ ಬೇರೆ. ಮೊನ್ನೆ ನೀವೇ ಕಳಿಸಿದ ಕ್ಲಿಪ್ಪನ್ನು ಪಾದ ನೆಲ ಮುಟ್ಟುವ ಕ್ಷಣಕ್ಕೆ ನಿಲ್ಲಿಸಿ ನೋಡಿ. ಪಾದ ಮಂಡಿಗಿಂತ ಒಂದು ಗೇಣು ಮುಂದಿದೆ, ಅಲ್ವಾ? ಹಾಗೆ ಚಾಚಿ ಇಟ್ಟ ಹೆಜ್ಜೆ ಪ್ರತಿ ಸಲವೂ ಬ್ರೇಕ್ ಹಾಕಿದಂತೆ. ಮೊದಲು ಅದನ್ನು ಸರಿಮಾಡಿ.

ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತದೆ ಎಣಿಸಿ. 160 ಇದ್ದರೆ 168 ಮಾಡಿ, ಅಂದರೆ ಶೇ 5 ಜಾಸ್ತಿ. ವೇಗ ಮೊದಲಿನಷ್ಟೇ ಇರಲಿ. ಹೆಜ್ಜೆ ತಾನಾಗಿಯೇ ಚಿಕ್ಕದಾಗುತ್ತದೆ, ಪಾದ ಮೈಯ ಹತ್ತಿರ ಬೀಳುತ್ತದೆ, ಮಂಡಿಯ ಭಾರ ಇಳಿಯುತ್ತದೆ. ಹಿಮ್ಮಡಿ ಮೊದಲು ತಾಗಿದರೂ ಪರವಾಗಿಲ್ಲ. ನಿಮಿಷಕ್ಕೆ 180 ಹೆಜ್ಜೆ ಇರಲೇಬೇಕು ಅನ್ನುವ ಮಂತ್ರ ಮರೆತುಬಿಡಿ. ಕೋಚ್ ಜ್ಯಾಕ್ ಡೇನಿಯಲ್ಸ್ 1984ರ ಒಲಿಂಪಿಕ್ಸ್ ಓಟಗಾರರ ಹೆಜ್ಜೆ ಎಣಿಸಿದ್ದರಿಂದ ಬಂದ ಲೆಕ್ಕ ಅದು. ಅವರ ವೇಗವೆಲ್ಲಿ, ನಮ್ಮದೆಲ್ಲಿ!

ಅಕ್ಕ, ಓಡುವಾಗ ನಿನ್ನ ಮಂಡಿ ಒಳಕ್ಕೆ ವಾಲುತ್ತದೆ ಅಂದೆಯಲ್ಲ, ಅದು ಪಕ್ಕದಿಂದ ತೆಗೆದ ವಿಡಿಯೋದಲ್ಲಿ ಕಾಣುವುದಿಲ್ಲ. ಬಹಳ ಸಲ ಅದರ ಮೂಲ ಸೊಂಟದಲ್ಲಿರುತ್ತದೆ. ಭಾವನ ಕೈಲಿ ಹಿಂದಿನಿಂದ ಒಂದು ತೆಗೆಸಿ ಕಳಿಸು. ಭಾವ, ಮಂಡಿ ಊದಿಕೊಂಡರೆ ಅಥವಾ ಮೆಟ್ಟಿಲು ಇಳಿಯುವಾಗಲೂ ನೋವಿದ್ದರೆ ಎಣಿಕೆ ಗಿಣಿಕೆ ಬಿಟ್ಟು ಫಿಸಿಯೋಗೆ ತೋರಿಸಿ.