ನಿಂಬೆಹಣ್ಣಿನ ರೇಟು ಮನೆಯಲ್ಲೇ ತಿಳಿಯೋದು ಹೇಗೆ?

ಇಂಡಿ ರೈತ:
ಇಂಡಿ ಹತ್ತಿರ 3 ಎಕರೆ ನಿಂಬೆ ಇದೆ. ಚೀಲ ತುಂಬಿ ವಿಜಯಪುರ ಮಾರ್ಕೆಟ್‌ಗೆ ಹೋದ ಮೇಲೆಯೇ ರೇಟು ಗೊತ್ತಾಗುತ್ತದೆ, ಬಿದ್ದಿದ್ದರೂ ಮಾಲು ವಾಪಸ್ ತರೋಕೆ ಆಗಲ್ಲ, ಗಾಡಿ ಬಾಡಿಗೆ ಮೈಮೇಲೆ ಬರುತ್ತದೆ. ಮೊದಲೇ ತಿಳಿಯೋ ದಾರಿ ಇದೆಯಾ?

ತಿಕೋಟಾ ದ್ರಾಕ್ಷಿ:
ಇದೆ ಅಣ್ಣಾ. ಮಾರ್ಕೆಟ್ ರೇಟು ತೋರಿಸೋ ಸರ್ಕಾರಿ ವೆಬ್‌ಸೈಟ್‌ಗಳಾದ ಕೃಷಿ ಮಾರಾಟ ವಾಹಿನಿ, ಅಗ್‌ಮಾರ್ಕ್‌ನೆಟ್ ನೋಡಿ. ಮಾರ್ಕೆಟ್‌ವಾರು ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಇರುತ್ತದೆ. ಗರಿಷ್ಠ ನೋಡಿ ಆಸೆ ಪಡಬೇಡಿ, ಅದು ಒಂದೆರಡು ಲಾಟಿಗೆ ಮಾತ್ರ ಸಿಕ್ಕಿರಬಹುದು. ಮಾದರಿ ಬೆಲೆಯೇ ಹೆಚ್ಚಿನವರಿಗೆ ಸಿಕ್ಕಿದ್ದು. ಆದರೆ ಅದು ಆಗಿಹೋದ ವ್ಯಾಪಾರದ ರೇಟು, ನಾಳೆಯದಲ್ಲ. ನಾನು ವಾರದ ರೇಟು ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ, ಏರಿಳಿತ ಚೆನ್ನಾಗಿ ಕಾಣುತ್ತದೆ.

ಜಮಖಂಡಿ ಅಕ್ಕ:
ಇ-ನಾಮ್ ಅನ್ನೋ ಕೇಂದ್ರ ಸರ್ಕಾರದ ಆನ್‌ಲೈನ್ ಮಾರ್ಕೆಟ್ 2016ರಿಂದ ಇದೆ. ಖರೀದಿದಾರರು ಕಂಪ್ಯೂಟರ್‌ನಲ್ಲೇ ಬೆಲೆ ಹಾಕುತ್ತಾರೆ. ನಿಮ್ಮ ಮಾರ್ಕೆಟ್‌ನಲ್ಲಿ ನಿಂಬೆಗೂ ಇದೆಯಾ ಕೇಳಿ. ದೂರದವರು ಹಣ್ಣು ಮುಟ್ಟಿ ನೋಡಲ್ಲ ಅಲ್ವಾ, ಹಾಗಾಗಿ ಗಾತ್ರ, ಬಣ್ಣ ನೋಡಿ ಬೇರೆ ಬೇರೆ ಮಾಡಲೇಬೇಕು. ಬೆರಕೆ ಮಾಲಿಗೆ ಯಾವ ಆ್ಯಪ್ ಕೂಡ ಒಳ್ಳೆ ರೇಟು ಕೊಡಿಸಲ್ಲ.

ಬೆಳಗಾವಿ ಹುಡುಗ:
ಕಾಕಾ, ಜ್ಯೂಸ್ ಅಂಗಡಿ, ಖಾನಾವಳಿಯವರನ್ನು ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿ. ರಾತ್ರಿ ಆರ್ಡರ್ ತಗೊಂಡು, ಬೆಳಿಗ್ಗೆ ಅಷ್ಟೇ ಕೀಳಿ. ಉಳಿದದ್ದು ಗಿಡದಲ್ಲೇ ಇರಲಿ.

ಇಂಡಿ ರೈತ:
ಇವತ್ತೇ ಮಾದರಿ ಬೆಲೆ ನೋಡುತ್ತೇನೆ. ಗುಂಪಿಗೆ ಮಗಳ ಸಹಾಯ ಬೇಕು.